ಕಿರುಬೆರಳು ಎಲ್ಲಿತ್ತು? ಗೀರು ಬೀಳದ ಹಾಗೆ ವಾಚಿನ ಬೆಲ್ಟು ಬದಲಿಸುವುದು

ಅಪ್ಪನ ಅರವತ್ತರ ಶಾಂತಿ ನಡೆದದ್ದು 2017ರಲ್ಲಿ. ಹಾಲಿನಲ್ಲಿ ಪುರೋಹಿತರು ಕಲಶಕ್ಕೆ ದಾರ ಸುತ್ತುತ್ತಿದ್ದರು. ಹಿತ್ತಲಲ್ಲಿ ಅಡುಗೆಯವರು ತುರಿದ ಕಾಯಿ ಸಾಲದು ಅಂತ ಕೂಗುತ್ತಿದ್ದರು. ನಾನು ಒಳಕೋಣೆಯ ಬಾಗಿಲು ಹಾಕಿಕೊಂಡು ಅಪ್ಪನ ಎಚ್‌ಎಂಟಿ ಸೋನಾ ವಾಚಿಗೆ ಹೊಸ ಬೆಲ್ಟು ಹಾಕಲು ಕೂತಿದ್ದೆ. ಹಳೆಯದು ಬೆವರು ಕುಡಿದು ಕುಡಿದು ಸುಕ್ಕುಗಟ್ಟಿ, ಬಾಳಕದ ಮೆಣಸಿನಕಾಯಿಯ ಹಾಗೆ ಮುರುಟಿಕೊಂಡಿತ್ತು. ರೇಷ್ಮೆ ಪಂಚೆಯ ಜೊತೆಗೆ ಅದನ್ನೇ ಕಟ್ಟಿಕೊಂಡು ಫೋಟೊಗೆ ನಿಲ್ಲುವುದು ಬೇಡ ಅಂತ ನನ್ನ ಆಸೆ. ಕೈಯಲ್ಲಿದ್ದದ್ದು ಮಗಳ ಜಾಮಿಟ್ರಿ ಬಾಕ್ಸಿನ ಕೈವಾರ.

ಬೆಲ್ಟನ್ನು ವಾಚಿಗೆ ಹಿಡಿದಿಡುವ ಮೊದಲ ಪಿನ್ನು ಸಲೀಸಾಗಿ ಬಂತು. ಎರಡನೆಯದು ಹಟ ಹಿಡಿಯಿತು. ಒತ್ತಿದೆ. ಇನ್ನಷ್ಟು ಒತ್ತಿದೆ. ಟಕ್ ಅಂತ ಬಿಟ್ಟುಕೊಂಡು ಪಿನ್ನು ಎತ್ತಲೋ ಹಾರಿತು. ಕೈವಾರದ ಮೊನೆ ಏಳು ಗಂಟೆ ಪಕ್ಕದ ಲಗ್ಗಿನಿಂದ, ಅಂದರೆ ಬೆಲ್ಟು ಸಿಕ್ಕಿಸುವ ಕಾಲಿನಿಂದ, ಕೇಸಿನ ಅಂಚಿನವರೆಗೆ ಗೆರೆ ಎಳೆದುಕೊಂಡೇ ಹೋಯಿತು. ಉದ್ದ ಒಂದು ಅಕ್ಕಿ ಕಾಳಿನಷ್ಟು. ಆದರೆ ಅದು ಚಿನ್ನದ ನೀರು ಹಾಕಿದ ವಾಚು. ಸ್ಟೀಲಿಗೆ ಗೀರು ಬಿದ್ದರೆ ಉಜ್ಜಿ ಮರೆಸಬಹುದು. ಚಿನ್ನದ ನೀರು ಹೋದ ಕಡೆ ಕೆಳಗಿನ ಲೋಹ ಇಣುಕುತ್ತದೆ, ಉಜ್ಜಿದಷ್ಟೂ ಇನ್ನಷ್ಟು ಇಣುಕುತ್ತದೆ.

ಅಪ್ಪ ಬೈಯಲಿಲ್ಲ. ಅವರು ತುಮಕೂರಿನ ವಾಚ್ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ವಿಭಾಗದಲ್ಲಿ ಇದ್ದವರು. ಮಡಿ ಪಂಚೆಯಲ್ಲೇ ಕಿಟಕಿ ಹತ್ತಿರ ಬಂದು, ಕಣ್ಣಿಗೆ ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಗೀರನ್ನು ನೋಡಿದರು. ನೋಡಿ ಒಂದೇ ಪ್ರಶ್ನೆ ಕೇಳಿದರು: "ಕಿರುಬೆರಳು ಎಲ್ಲಿಟ್ಕೊಂಡಿದ್ದೆ?"

ನನಗೆ ಅರ್ಥವಾಗಲಿಲ್ಲ. ಎಲ್ಲೂ ಇಟ್ಟುಕೊಂಡಿರಲಿಲ್ಲ, ಗಾಳಿಯಲ್ಲಿತ್ತು. "ಅದಕ್ಕೇ" ಅಂದು ಹೊರಗೆ ಹೋದರು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಆ ಪ್ರಶ್ನೆ ನನಗೆ ಆ ಕ್ಷಣವೇ ಹೊಳೆಯಬೇಕಿತ್ತು. ಪಿನ್ನಿನ ಹೊಟ್ಟೆಯೊಳಗೆ ಒಂದು ಸ್ಪ್ರಿಂಗ್ ಇದೆ. ನಾವು ಒತ್ತುತ್ತ ಹೋದ ಹಾಗೆ ಅದು ಎದುರು ತಳ್ಳುತ್ತ ಹೋಗುತ್ತದೆ, ತೋಳು ಇನ್ನಷ್ಟು ಬಲ ಹಾಕುತ್ತದೆ. ತೂತಿನಿಂದ ಪಿನ್ನಿನ ತುದಿ ಹೊರಬಿದ್ದ ಕ್ಷಣ ಎದುರಿದ್ದ ತಡೆ ಸೊನ್ನೆ. ಕೈಗೆ ಅದು ಗೊತ್ತಾಗುವುದರೊಳಗೆ ಟೂಲು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ ಆಗಿರುತ್ತದೆ. ಅಂದರೆ ಗೀರು ಬೀಳುವುದು ಒತ್ತುವಾಗಲ್ಲ, ಬಿಟ್ಟುಕೊಳ್ಳುವಾಗ. ಕಿರುಬೆರಳನ್ನು ಮೇಜಿಗೋ ವಾಚಿನ ಪಕ್ಕಕ್ಕೋ ಊರಿಕೊಂಡಿದ್ದರೆ ಕೆಲಸ ಮಾಡುವುದು ಬೆರಳು ಮಾತ್ರ, ತೋಳಲ್ಲ. ಜಾರಿದರೂ ಒಂದು ಎಳ್ಳು ಕಾಳಿನಷ್ಟು ಜಾರಿ ನಿಲ್ಲುತ್ತದೆ. ರಂಗೋಲಿಯ ಸಣ್ಣ ಎಳೆ ಬಿಡುವಾಗ ಕೈಯನ್ನು ನೆಲಕ್ಕೆ ಊರುತ್ತೇವಲ್ಲ, ಹಾಗೆ.

ಆಮೇಲೆ ಅಪ್ಪನ ಪಕ್ಕ ಕೂತು ಕಲಿತೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತ್ತು. ತುಮಕೂರಿನ ಆ ಜಾಗ ಈಗ ಇಸ್ರೋ ಕೈಯಲ್ಲಿದೆ. ಅಪ್ಪನಿಗೆ ಹೊತ್ತು ಹೋಗುತ್ತಿರಲಿಲ್ಲ, ನನಗೆ ಪ್ರಾಯಶ್ಚಿತ್ತ ಆಗಬೇಕಿತ್ತು. ಇವತ್ತಿಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರ ಬೆಲ್ಟು ಹರಿದರೂ ನನ್ನ ಮೇಜಿಗೇ ಬರುತ್ತದೆ.

ಮೊದಲು ಬೆಲ್ಟು ಕೊಳ್ಳುವ ವಿಚಾರ. ಕೇಸಿನಿಂದ ಮೇಲೆ ಎರಡು ಕೆಳಗೆ ಎರಡು ಕಾಲಿನ ಹಾಗೆ ಚಾಚಿಕೊಂಡಿರುವುದೇ ಲಗ್. ಎರಡು ಲಗ್ಗಿನ ನಡುವಿನ ಜಾಗದ ಅಗಲವೇ ಬೆಲ್ಟಿನ ಅಳತೆ. ಹಳೆಯ ಎಚ್‌ಎಂಟಿಯ ಗಂಡಸರ ವಾಚುಗಳಲ್ಲಿ ಹೆಚ್ಚಿನವು 18 ಮಿಲಿಮೀಟರ್. ಈಗಿನ ದೊಡ್ಡ ಡಯಲಿನವು 20, 22. ಹೆಂಗಸರ ವಾಚು 12, 14. ನಡುವೆ 19, 21 ಅಂತ ತಲೆನೋವಿನವೂ ಇವೆ. ಕಣ್ಣಂದಾಜಿನಲ್ಲಿ ಕೊಳ್ಳಬೇಡಿ. 19ರ ಜಾಗಕ್ಕೆ 18ರ ಬೆಲ್ಟು ಹಾಕಿದರೆ ಪಕ್ಕದಲ್ಲಿ ಪಿನ್ನು ಇಣುಕುತ್ತದೆ, ಬೆಲ್ಟು ಅತ್ತಿತ್ತ ಆಡುತ್ತದೆ. ಮೆತ್ತನೆ ಚರ್ಮದ 20 ಆದರೆ ಸ್ವಲ್ಪ ಅದುಮಿ ಕೂರಿಸಬಹುದು, ಲೋಹದ ಚೈನಿನಲ್ಲಿ ಆ ಆಟ ನಡೆಯುವುದಿಲ್ಲ.

ಅಳೆಯುವುದರಲ್ಲೂ ನಾನು ಒಂದು ಜಾಣತನ ಮಾಡಿ ಕೆಟ್ಟಿದ್ದೇನೆ. ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸ್ ತಂದು, ಒಳಅಳತೆಯ ದವಡೆಯನ್ನು ಲಗ್ಗುಗಳ ನಡುವೆ ತೂರಿಸಿ ಬಿಡಿಸಿದೆ. ಅಳತೆ 0.1 ಮಿಲಿಮೀಟರಿನವರೆಗೆ ಕರಾರುವಾಕ್ಕಾಗಿ ಬಂತು. ಜೊತೆಗೆ ಲಗ್ಗಿನ ಒಳಮೈಗೆ ಎರಡು ಕಚ್ಚು ಕೂಡ ಬಂದವು. ಉಕ್ಕಿನ ದವಡೆ ಇನ್ನೇನು ಮಾಡೀತು? ಈಗ ನಾನು ಬಳಸುವುದು ಹಳೆಯ ಲಗ್ನಪತ್ರಿಕೆ. ಆ ದಪ್ಪ ಕಾಗದದಿಂದ ಸುಮಾರು ಅಗಲದ ಒಂದು ಪಟ್ಟಿ ಕತ್ತರಿಸಿ, ಲಗ್ಗುಗಳ ನಡುವೆ ಸರಿಯಾಗಿ ಕೂರುವ ತನಕ ಕತ್ತರಿಯಲ್ಲಿ ಒಂದೊಂದು ಎಳೆ ಸವರುತ್ತ ಬನ್ನಿ. ಕೂತ ಮೇಲೆ ಹೊರಗೆ ತೆಗೆದು ಸ್ಕೇಲಿನ ಮೇಲಿಟ್ಟು ಓದಿ. ಅಂಗಡಿಗೆ ಹೋಗುವಾಗ ಆ ಪಟ್ಟಿಯನ್ನೇ ಪರ್ಸಿನಲ್ಲಿ ಇಟ್ಟುಕೊಂಡು ಹೋದರಾಯಿತು, ಸಂಖ್ಯೆಯೂ ಬೇಡ.

ಬೆಲ್ಟಿನ ಜೊತೆಗೆ ಎರಡು ಹೊಸ ಪಿನ್ನು ತನ್ನಿ. ಹಳೆಯ ಪಿನ್ನು ಚೆನ್ನಾಗಿಯೇ ಇದೆ ಅನಿಸಿದರೂ ತನ್ನಿ. ವಾಚು ಕೈಯಿಂದ ಬಿದ್ದು ಗಾಜು ಒಡೆಯುವುದು ಬೆಲ್ಟು ಹರಿದದ್ದಕ್ಕಿಂತ ಪಿನ್ನು ತುಕ್ಕು ಹಿಡಿದು ಬಿಟ್ಟುಕೊಂಡದ್ದಕ್ಕೇ ಹೆಚ್ಚು ಅನ್ನುವುದು ನನ್ನ ಮೇಜಿಗೆ ಬಂದ ವಾಚುಗಳಿಂದ ಕಂಡುಕೊಂಡದ್ದು. ಪಿನ್ನನ್ನು ಹತ್ತಿರದಿಂದ ಒಮ್ಮೆ ನೋಡಿಟ್ಟುಕೊಳ್ಳಿ, ಮುಂದಿನದೆಲ್ಲ ಸುಲಭವಾಗುತ್ತದೆ. ನಡುವೆ ಒಂದು ಸಣ್ಣ ಕೊಳವೆ. ಕೊಳವೆಯ ಎರಡು ತುದಿಯಲ್ಲೂ ಒಳಕ್ಕೆ ಹೋಗಿ ಬರುವ ಮೂಗು. ಮೂಗಿನ ಬುಡದಲ್ಲಿ ಬಳೆಯ ಹಾಗೆ ಒಂದು ಏಣು, ಕೆಲವದರಲ್ಲಿ ಎರಡು. ಬೆಲ್ಟು ಬಿಚ್ಚುವ ಟೂಲಿನ ಕವಲು ಹಿಡಿದುಕೊಳ್ಳಬೇಕಾದದ್ದು ಈ ಏಣನ್ನೇ. ಬೆರಳುಗಳ ನಡುವೆ ಪಿನ್ನನ್ನು ಅದುಮಿ ನೋಡಿ: ಎರಡು ಮೂಗೂ ಸರಾಗವಾಗಿ ಒಳಹೋಗಿ ಅಷ್ಟೇ ಚುರುಕಾಗಿ ಹೊರಬರಬೇಕು. ಒಂದು ಸೋಮಾರಿಯಾಗಿದ್ದರೂ ಎಸೆಯಿರಿ.

ಪಿನ್ನುಗಳಲ್ಲಿ ದಪ್ಪ ತೆಳ್ಳಗೆ ಅಂತಲೂ ಇದೆ. ಸಾಮಾನ್ಯ ವಾಚಿಗೆ 1.5 ಮಿಲಿಮೀಟರ್ ದಪ್ಪದ್ದು ಸಾಕು. ಸೀಕೊ ಕಂಪನಿಯ ಮುಳುಗುಗಾರರ ವಾಚುಗಳಿಗೆ 2.5 ಮಿಲಿಮೀಟರಿನ ದಪ್ಪ ಪಿನ್ನು ಬರುತ್ತದೆ, ಅದರ ಮೂಗೂ ದಪ್ಪ. ಅಂಥ ವಾಚಿಗೆ ಸಾದಾ ಪಿನ್ನು ಹಾಕಿದರೆ ದೊಡ್ಡ ತೂತಿನಲ್ಲಿ ಸಣ್ಣ ಮೂಗು ಗಲಗಲ ಆಡಿ ಒಂದಲ್ಲ ಒಂದು ದಿನ ಜಾರುತ್ತದೆ. ನಮ್ಮ ಗಣಿತದ ಮೇಷ್ಟ್ರು ಹಾಗೇ ಮಾಡಿಕೊಂಡು, ಬೋರ್ಡಿನ ಮೇಲೆ ಬರೆಯುತ್ತಿದ್ದಾಗಲೇ ವಾಚು ಡಸ್ಟರಿನ ಮೇಲೆ ಬಿತ್ತು. ಡಸ್ಟರಿನ ಮೇಲೆ ಬಿದ್ದದ್ದು ಅವರ ಪುಣ್ಯ.

ಟೂಲು. ಒಂದು ತುದಿಯಲ್ಲಿ ಹಾವಿನ ನಾಲಗೆಯ ಹಾಗೆ ಕವಲು, ಇನ್ನೊಂದು ತುದಿಯಲ್ಲಿ ಸೂಜಿಯಂಥ ಕಡ್ಡಿ. ಸ್ವಿಟ್ಜರ್ಲೆಂಡಿನ ಬರ್ಜಾನ್ ಕಂಪನಿಯ 6767 ಅನ್ನುವುದು ಈ ವೃತ್ತಿಯವರ ನಡುವೆ ಹೆಸರಾದದ್ದು. ವರ್ಷಕ್ಕೆ ಎರಡು ಬೆಲ್ಟು ಬದಲಿಸುವವರಿಗೆ ಅದರ ಬೆಲೆ ದುಬಾರಿ. ಅಗ್ಗದ್ದೂ ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಅಗ್ಗದ ಟೂಲಿನ ಕವಲು ಅಚ್ಚಿನಿಂದ ಬಂದ ಹಾಗೇ ಗರಗಸದಂತಿರುತ್ತದೆ. ಬೆರಳ ತುದಿಯಿಂದ ಸವರಿ ನೋಡಿ. ಚರ್ಮ ಕಚ್ಚಿದರೆ ವಾಚನ್ನೂ ಕಚ್ಚುತ್ತದೆ. ಜೀರೊ ನಂಬರಿನ ಎಮರಿ ಕಾಗದ ತಂದು ಕವಲಿನ ಹೊರಅಂಚನ್ನೂ ಮೂಲೆಗಳನ್ನೂ ಹತ್ತು ನಿಮಿಷ ಉಜ್ಜಿ ದುಂಡಗೆ ಮಾಡಿ. ಈ ಹತ್ತು ನಿಮಿಷ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗೀರು ತಪ್ಪಿಸುತ್ತದೆ. ಕೈವಾರ, ಚಾಕು, ಸೇಫ್ಟಿ ಪಿನ್ನು, ಹೇರ್‌ಪಿನ್ನು ಯಾವುದೂ ಬೇಡ. ಅವಕ್ಕೆಲ್ಲ ಒಂದೇ ಮೊನೆ. ಏಣನ್ನು ಎರಡು ಕಡೆಯಿಂದ ಹಿಡಿಯುವುದಕ್ಕೆ ಆಗುವುದಿಲ್ಲ, ಅದಕ್ಕೇ ಜಾರುತ್ತವೆ.

ಇನ್ನು ಮಾಸ್ಕಿಂಗ್ ಟೇಪು. ಪೇಂಟಿನವರು ಕಿಟಕಿ ಅಂಚಿಗೆ ಅಂಟಿಸುತ್ತಾರಲ್ಲ, ಅದೇ ಹಳದಿ ಬಣ್ಣದ ಕಾಗದದ್ದು. ಸೆಲ್ಲೋಟೇಪು ಬೇಡ, ತೆಳು, ಮೊನೆ ತಾಗಿದರೆ ಹರಿಯುತ್ತದೆ, ಅಂಟೂ ಉಳಿಯುತ್ತದೆ.

ಕೂರುವ ಜಾಗಕ್ಕೆ ನಮ್ಮ ಮನೆಯಲ್ಲಿ ಅಂಚಿರುವ ದೊಡ್ಡ ಹರಿವಾಣ ಇದೆ. ಅದರಲ್ಲಿ ಒಗೆದ ಬನಿಯನ್ ಬಟ್ಟೆ ಎರಡು ಮಡಿಕೆ ಹಾಸುತ್ತೇನೆ. ಹಾರಿದ ಪಿನ್ನು ಅಂಚಿಗೆ ಬಡಿದು ಅಲ್ಲೇ ಬೀಳುತ್ತದೆ. ಅಂಥ ಹರಿವಾಣ ಇಲ್ಲದವರು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಕೊಂಡು ಮಾಡಬಹುದು. ನೋಡಿದವರು ನಗುತ್ತಾರೆ, ಪಿನ್ನು ಮಾತ್ರ ಕಳೆಯುವುದಿಲ್ಲ. ಬಟ್ಟೆ ಹಾಸುವ ಮೊದಲು ಕೊಡವಿ. ಬಟ್ಟೆಯಲ್ಲಿ ಒಂದು ಮರಳಿನ ಕಣ ಇದ್ದರೂ ಮೇಲಿಟ್ಟ ವಾಚನ್ನು ತಿರುಗಿಸುವಾಗ ಗಾಜಿಗೆ ಗೀರು ಬೀಳುತ್ತದೆ. ಹಳೆಯ ಎಚ್‌ಎಂಟಿಗಳ ಗಾಜು ನಿಜವಾದ ಗಾಜಲ್ಲ, ಪ್ಲಾಸ್ಟಿಕ್ಕು. ಒಂದು ಸಮಾಧಾನ: ಆ ಪ್ಲಾಸ್ಟಿಕ್ಕಿನ ಸಣ್ಣ ಗೀರು ಟೂತ್‌ಪೇಸ್ಟು ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ.

ಕೈಯಲ್ಲಿನ ಬಳೆ, ಉಂಗುರ ತೆಗೆದಿಡಿ. ಇದನ್ನು ಯಾರೂ ಹೇಳುವುದಿಲ್ಲ, ಬಹುಶಃ ಇಂಥವನ್ನು ಬರೆಯುವವರೆಲ್ಲ ಗಂಡಸರು. ಎಡಗೈಯಲ್ಲಿ ವಾಚು ಹಿಡಿದಾಗ ಉಂಗುರದ ಹರಳು ಹಿಂಬದಿಗೆ ತಾಗುತ್ತಲೇ ಇರುತ್ತದೆ.

ಲಗ್ಗುಗಳ ನಡುವೆ ವರ್ಷಗಟ್ಟಲೆ ಬೆವರು, ಸೋಪು, ಧೂಳು ಸೇರಿ ಕಪ್ಪು ಕಿಟ್ಟ ಕಟ್ಟಿರುತ್ತದೆ. ಅದನ್ನು ಮೊದಲು ತೆಗೆಯಬೇಕು, ಯಾಕೆಂದರೆ ಪಿನ್ನಿನ ಏಣು ಅದರಡಿಯಲ್ಲೇ ಅಡಗಿರುತ್ತದೆ. ಹಲ್ಲುಕಡ್ಡಿಯಿಂದ ಕೆರೆದು, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹಳೆಯ ಬ್ರಷ್ಷಿನಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಹಳೆಯ ವಾಚನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ.

ಈಗ ಟೇಪು ಅಂಟಿಸುವುದು. ಜನ ಸಾಮಾನ್ಯವಾಗಿ ಲಗ್ಗಿನ ಮೇಲ್ಭಾಗಕ್ಕೆ ಅಂಟಿಸಿ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ನಾವು ಕೆಲಸ ಮಾಡುವುದು ಹಿಂಬದಿಯಿಂದ. ಟೂಲು ಜಾರಿದರೆ ಮೊದಲು ಹೋಗುವುದು ಲಗ್ಗಿನ ಅಡಿಗೆ, ಆಮೇಲೆ ಹಿಂಬದಿಯ ಮುಚ್ಚಳಕ್ಕೆ. ಆದ್ದರಿಂದ ಮುಚ್ಚಳದ ಮೇಲೊಂದು ಅಗಲದ ತುಂಡು, ಪ್ರತಿ ಲಗ್ಗಿನ ಅಡಿಗೂ ಮೇಲಕ್ಕೂ ಸುತ್ತಿ ಬರುವ ಹಾಗೆ ಒಂದೊಂದು ಸಣ್ಣ ತುಂಡು. ಚರ್ಮದ ಬೆಲ್ಟಾದರೆ ಲಗ್ಗಿನ ಒಳಮೈಗೂ ಒಂದು ಪದರ ಹಿಡಿಸುತ್ತದೆ, ತೂತು ಮಾತ್ರ ಬಿಡಿ. ಚೈನಾದರೆ ಒಳಮೈಗೆ ಹಾಕಬೇಡಿ. ಅಲ್ಲಿ ಕೂದಲೆಳೆಯಷ್ಟೇ ಸಂದು, ಟೇಪು ಹಾಕಿದರೆ ಚೈನಿನ ತುದಿ ಒಳಗೆ ಹೋಗುವುದೇ ಇಲ್ಲ, ನೀವು ಬಲ ಹಾಕುತ್ತೀರಿ, ಬಲ ಹಾಕಿದರೆ ಮುಂದಿನದು ಗೊತ್ತಲ್ಲ.

ಬಿಚ್ಚುವ ಮೊದಲು ಒಂದು ಮಾತು. ಹಳೆಯ ಚರ್ಮದ ಬೆಲ್ಟನ್ನು ಹೇಗಿದ್ದರೂ ಎಸೆಯುವುದಾದರೆ, ಪಿನ್ನಿಗೆ ತೀರ ಹತ್ತಿರ ಕತ್ತರಿಯಿಂದ ಅದನ್ನು ಕತ್ತರಿಸಿಬಿಡಿ. ಉಳಿದ ತುಂಡನ್ನು ಸೀಳಿ ತೆಗೆದರೆ ಪಿನ್ನು ಬತ್ತಲಾಗಿ ಎದುರಿಗೆ ನಿಲ್ಲುತ್ತದೆ. ಏಣು ಕಾಣುತ್ತದೆ, ಕವಲನ್ನು ಎಲ್ಲಿಡಬೇಕು ಅನ್ನುವುದು ಕಾಣುತ್ತದೆ. ಅಪ್ಪ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ಸುಲಭದ್ದು ಇಲ್ಲ. ಆವತ್ತು ಶಾಂತಿಯ ದಿನ ನನಗೆ ಇದು ತಿಳಿದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಬೆಲ್ಟು ಉಳಿಸಬೇಕು ಅಂದರೆ ಹೀಗೆ: ವಾಚು ಬೋರಲು, ಗಾಜು ಬಟ್ಟೆಯ ಮೇಲೆ. ಎಡಗೈ ಹೆಬ್ಬೆರಳು ಬೆಲ್ಟಿನ ಮೇಲೆ, ತೋರುಬೆರಳು ಕೇಸಿನ ಪಕ್ಕ. ಬಲಗೈ ಕಿರುಬೆರಳು ಹರಿವಾಣಕ್ಕೆ ಊರಿದೆ. ಬೆಲ್ಟಿಗೂ ಲಗ್ಗಿಗೂ ನಡುವಿನ ಸಂದಿನಲ್ಲಿ ಕವಲನ್ನು ಇಳಿಸಿ, ನಿಧಾನಕ್ಕೆ ಆಚೀಚೆ ಆಡಿಸುತ್ತ ಏಣನ್ನು ಹುಡುಕಿ. ಸಿಕ್ಕಿದ್ದು ಬೆರಳಿಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಕೀಲಿಕೈ ಬೀಗಕ್ಕೆ ಕೂತ ಹಾಗೆ. ಸಿಕ್ಕ ಮೇಲೆ ಒತ್ತಬೇಕಾದದ್ದು ಪಿನ್ನಿನ ಉದ್ದಕ್ಕೆ, ಅಂದರೆ ಎದುರಿನ ಲಗ್ಗಿನ ಕಡೆಗೆ. ಕೆಳಕ್ಕಲ್ಲ, ಕೇಸಿನ ಕಡೆಗಂತೂ ಅಲ್ಲವೇ ಅಲ್ಲ. ಒಂದು ಮಿಲಿಮೀಟರ್ ಒಳಹೋದರೆ ಸಾಕು. ಆಗ ಎಡಗೈ ಹೆಬ್ಬೆರಳಿನಿಂದ ಬೆಲ್ಟನ್ನು ಕೇಸಿನಿಂದ ಆಚೆ ಎಳೆಯಿರಿ. ಟೂಲಿನಿಂದ ಮೀಟಬೇಡಿ. ಟೂಲಿನ ಕೆಲಸ ಒತ್ತುವುದು, ಬಿಡಿಸುವುದು ಹೆಬ್ಬೆರಳಿನ ಕೆಲಸ. ಎರಡನ್ನೂ ಟೂಲಿನ ಕೈಯಲ್ಲೇ ಮಾಡಿಸಹೊರಟಾಗಲೇ ಅದು ಸನ್ನೆಗೋಲಾಗಿ ಲಗ್ಗಿಗೆ ಒರಗಿ ಅಲ್ಲೊಂದು ಕಚ್ಚು ಮಾಡುತ್ತದೆ.

ಒತ್ತುವ ಮೊದಲು ಪ್ರತಿ ಸಲ ನಿಂತು ನೋಡಿ: ಈಗ ಜಾರಿದರೆ ಈ ಮೊನೆ ಎಲ್ಲಿಗೆ ಹೋಗುತ್ತದೆ? ಉತ್ತರ "ಬೆಲ್ಟಿಗೆ" ಅಥವಾ "ಬಟ್ಟೆಗೆ" ಅಂತ ಇದ್ದರೆ ಮುಂದುವರಿಯಿರಿ. "ಕೇಸಿಗೆ" ಅಂತ ಬಂದರೆ ವಾಚನ್ನು ತಿರುಗಿಸಿಕೊಂಡು ಕೂರಿ.

ಕೆಲವು ವಾಚುಗಳಲ್ಲಿ ಲಗ್ಗಿನ ಹೊರಗಡೆಗೂ ತೂತು ಹಾಯ್ದು ಬಂದಿರುತ್ತದೆ. ಅಂಥ ವಾಚಿನವರು ಪುಣ್ಯವಂತರು. ಟೂಲಿನ ಕಡ್ಡಿಯನ್ನು ಹೊರಗಿನಿಂದ ತೂರಿಸಿ ಪಿನ್ನಿನ ಮೂಗನ್ನು ಒತ್ತಿದರೆ ಆಯಿತು. ಈಚಿನ ಬೆಲ್ಟುಗಳಲ್ಲಿ ಪಿನ್ನಿಗೆ ಸಣ್ಣ ಗುಬುಟು ಬರುತ್ತದೆ, ಉಗುರಿನಿಂದ ಎಳೆದರೆ ಬಿಡುತ್ತದೆ, ಟೂಲೇ ಬೇಡ. ಚರ್ಮದ ಬೆಲ್ಟು ಹೊಸದು ಕೊಳ್ಳುವುದಾದರೆ ನಾನು ಈಗ ಅಂಥದ್ದನ್ನೇ ಹೇಳುವುದು. ಅಪ್ಪನಿಗೆ ಅದು ಇಷ್ಟವಿಲ್ಲ, "ಆಟದ ಸಾಮಾನು" ಅನ್ನುತ್ತಾರೆ.

ತುಕ್ಕು ಹಿಡಿದ ಪಿನ್ನು ಬೇರೆಯೇ ಜಾತಿ. ಒತ್ತಿದರೆ ಅಲ್ಲಾಡುವುದಿಲ್ಲ. ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಒಂದೇ ಹನಿ ಮೂಗಿನ ಬುಡಕ್ಕೆ ಮುಟ್ಟಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆಯೂ ಬರದಿದ್ದರೆ ಬೆಲ್ಟು ಕತ್ತರಿಸಿ, ಬತ್ತಲಾದ ಪಿನ್ನನ್ನು ನಡುವೆ ಸಣ್ಣ ಕಟ್ಟಿಂಗ್ ಪ್ಲೇಯರಿನಿಂದ ತುಂಡರಿಸಿ. ಕೊಳವೆ ತುಂಡಾದರೆ ಎರಡು ಅರ್ಧವೂ ಹೊರಬರುತ್ತವೆ. ಕಣ್ಣಿಗೆ ಕನ್ನಡಕ ಇರಲಿ. ಅದಕ್ಕೂ ಬಗ್ಗದೆ ಮೂಗು ತೂತಿನಲ್ಲೇ ಕಚ್ಚಿ ಉಳಿದರೆ ರಿಪೇರಿಯವರ ಹತ್ತಿರ ಹೋಗಿ. ಸ್ಕ್ರೂ ಹಾಕಿ ಕೂರಿಸಿದ ಬೆಲ್ಟುಗಳಿಗೂ ಅದೇ ಮಾತು. ಅಳತೆ ತಪ್ಪಿದ ಸ್ಕ್ರೂಡ್ರೈವರ್ ತಲೆಯನ್ನು ಕೊರೆದುಹಾಕುತ್ತದೆ. ಅಂಗಡಿಯಲ್ಲಿ "ಸ್ವಲ್ಪ ಟೇಪು ಹಾಕಿ ಮಾಡ್ತೀರಾ" ಅಂತ ಕೇಳುವುದಕ್ಕೆ ಸಂಕೋಚ ಬೇಡ. ನಮ್ಮ ಬೀದಿಯ ಹಿರಿಯರೊಬ್ಬರು ಆ ಮಾತಿಗೆ ಸಿಟ್ಟಾಗುವ ಬದಲು ಸ್ಟೂಲು ಕೊಟ್ಟು ಕೂರಿಸಿಕೊಂಡರು.

ಹಾಕುವುದು. ಇಲ್ಲಿಗೆ ಬರುವಷ್ಟರಲ್ಲಿ ಜನ ಕೆಲಸ ಮುಗಿಯಿತು ಅಂದುಕೊಂಡು ಟೇಪು ಕಿತ್ತಿರುತ್ತಾರೆ. ತಪ್ಪು. ನಾನು ನೋಡಿದ ಗೀರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಕುವಾಗ ಬಿದ್ದವು. ಬಿಚ್ಚುವಾಗ ಎಲ್ಲರೂ ಹೆದರಿಕೊಂಡಿರುತ್ತಾರೆ, ಹಾಕುವಾಗ ಅವಸರ.

ಬಕಲ್ ಇರುವ ಗಿಡ್ಡ ಭಾಗ ಹನ್ನೆರಡರ ಕಡೆಗೆ, ತೂತುಗಳಿರುವ ಉದ್ದ ಭಾಗ ಆರರ ಕಡೆಗೆ. ಪಿನ್ನನ್ನು ಬೆಲ್ಟಿಗೆ ತೂರಿಸಿ, ಒಂದು ಮೂಗನ್ನು ಒಂದು ಲಗ್ಗಿನ ತೂತಿಗೆ ಕೂರಿಸಿ. ಇನ್ನೊಂದು ಮೂಗನ್ನು ಕವಲಿನಿಂದ ಪೂರ್ತಿ ಒಳಕ್ಕೆ ಅದುಮಿ ಹಿಡಿದು, ಬೆಲ್ಟನ್ನು ಲಗ್ಗುಗಳ ನಡುವೆ ಜಾರಿಸಿ, ಆಮೇಲೆ ಬಿಡಿ. ಅರ್ಧ ಅದುಮಿ ತಳ್ಳಿದರೆ ಮೂಗು ಲಗ್ಗಿನ ಒಳಮೈಯನ್ನು ಕೆರೆದುಕೊಂಡೇ ತೂತು ಹುಡುಕುತ್ತದೆ. ಸ್ಟೀಲಿನಲ್ಲಿ ಅದು ಬೆಲ್ಟಿನ ಮರೆಗೆ ಹೋಗುತ್ತದೆ, ಚಿನ್ನದ ನೀರಿನಲ್ಲಿ ತುಕ್ಕಿಗೆ ದಾರಿ. ಬೆಲ್ಟನ್ನು ಸ್ವಲ್ಪ ಅಲ್ಲಾಡಿಸಿದರೆ ಟಿಕ್ ಅಂತ ಸದ್ದು ಕೇಳಬೇಕು. ಕೇಳದಿದ್ದರೆ ಕೂತಿಲ್ಲ.

ಚೈನಿಗೆ ಇಷ್ಟೇ ಕೆಲಸ, ತಾಳ್ಮೆ ಮೂರು ಪಟ್ಟು. ಅದಕ್ಕೆ ಭಾರ ಇದೆ. ಒಂದು ಕಡೆ ಹಿಡಿದಾಗ ಇನ್ನೊಂದು ಕಡೆ ತೂಗಾಡಿ ಕೇಸಿಗೆ ಬಡಿಯುತ್ತದೆ. ಮೊದಲು ಬಕಲಿನ ಹತ್ತಿರ ಬಿಡಿಸಿ ಎರಡು ಭಾಗ ಮಾಡಿಕೊಳ್ಳಿ. ಈಗ ಹಾಕದ ಭಾಗವನ್ನು ಹರಿವಾಣದಿಂದ ಆಚೆಗಿಡಿ, ಹಾಕುವ ಭಾಗವನ್ನು ಕರ್ಚೀಫಿನಲ್ಲಿ ಸುತ್ತಿ ರಬ್ಬರ್‌ಬ್ಯಾಂಡು ಹಾಕಿ. ಚೈನಿನ ಕೊನೆಯ ಕೊಂಡಿ ಕೇಸಿನ ದುಂಡಿಗೆ ಹೊಂದುವ ಹಾಗೆ ಬಾಗಿರುತ್ತದೆ, ಅದರ ಎರಡು ಮೂಲೆ ಚೂಪು. ಅದನ್ನು ನೇರ ಮುಂದಿನಿಂದ ತಳ್ಳಿದರೆ ಆ ಮೂಲೆಗಳು ಲಗ್ಗಿನ ಮೇಲಂಚನ್ನು ಸವರುತ್ತವೆ. ಹಿಂಬದಿಯಿಂದ, ಸ್ವಲ್ಪ ಓರೆಯಾಗಿ ತನ್ನಿ. ಒಂದು ಮೂಗು ಕೂತ ಮೇಲೆ ಇನ್ನೊಂದನ್ನು ಅದುಮಿ, ಕೊಂಡಿಯನ್ನು ಬಾಗಿಲಿನ ಹಾಗೆ ಮುಚ್ಚಿ. ಬಿಚ್ಚುವಾಗ ಇದೇ ತಿರುಗುಮುರುಗು. ಒಂದು ಕಡೆಯ ಮೂಗು ಬಿಟ್ಟ ಮೇಲೆ ಅದು ಮತ್ತೆ ತೂತಿಗೆ ಹಾರದ ಹಾಗೆ ಕೊಂಡಿಯನ್ನು ಒಂದಿಷ್ಟು ಓರೆಯಾಗಿ ಹಿಡಿದುಕೊಂಡೇ ಇನ್ನೊಂದು ಕಡೆಗೆ ಹೋಗಿ.

ಅಪ್ಪಿತಪ್ಪಿ ಗೀರು ಬಿದ್ದರೆ ಆವತ್ತೇ ಏನೂ ಮಾಡಬೇಡಿ. ಚಿನ್ನದ ನೀರಿನ ವಾಚಿಗೆ ಹುಣಸೆಹಣ್ಣು, ಪಾತ್ರೆ ಪುಡಿ, ಬ್ರಾಸೊ ಅಂತ ಹೋದರೆ ಒಂದು ಗೆರೆ ಇದ್ದ ಕಡೆ ಒಂದು ಕಲೆ ಆಗುತ್ತದೆ. ಉದ್ದಕ್ಕೆ ಎಳೆ ಎಳೆಯಾಗಿ ಉಜ್ಜಿದ ಸ್ಟೀಲಿಗಾದರೆ ಅದೇ ಎಳೆಯ ದಿಕ್ಕಿನಲ್ಲಿ ತಿಳಿದವರು ಮತ್ತೆ ಉಜ್ಜಿ ಸರಿಮಾಡುತ್ತಾರೆ. ಕನ್ನಡಿಯ ಹಾಗೆ ಹೊಳೆಯುವ ಸ್ಟೀಲು ಹೆಚ್ಚು ಕಷ್ಟ.

ಬೆಲ್ಟು ಪದೇ ಪದೇ ಬದಲಿಸುವ ಚಪಲ ಇರುವವರು ಒಂದೇ ಉದ್ದ ಪಟ್ಟಿಯ ನೈಲಾನ್ ಬೆಲ್ಟು ನೋಡಿ. ನೇಟೊ ಬೆಲ್ಟು ಅಂತ ಮಾರುತ್ತಾರೆ. ಹೆಸರು ಹಾಗಿದ್ದರೂ ಅದು ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ತನ್ನ ಸೈನಿಕರಿಗಾಗಿ ಗೊತ್ತುಮಾಡಿದ್ದು. ಪಟ್ಟಿ ಎರಡು ಪಿನ್ನಿನ ಹಿಂದೆ ತೂರಿ ವಾಚಿನ ಅಡಿಯಲ್ಲಿ ಹಾದುಹೋಗುತ್ತದೆ. ಪಿನ್ನನ್ನು ಒಮ್ಮೆ ಹಾಕಿದರೆ ಆಮೇಲೆ ತೆಗೆಯುವ ಮಾತಿಲ್ಲ, ಒಂದು ಪಿನ್ನು ಬಿಟ್ಟರೂ ವಾಚು ಇನ್ನೊಂದರಲ್ಲಿ ನೇತಾಡುತ್ತ ಉಳಿಯುತ್ತದೆ. ಸೋನಾದಂಥ ತೆಳ್ಳಗಿನ ವಾಚಿಗೆ ಮಾತ್ರ ಹಾಕಬೇಡಿ, ಮದುವೆ ಸೀರೆಗೆ ಗನ್‌ಬೂಟ್ ಹಾಕಿದ ಹಾಗಿರುತ್ತದೆ.

ಕೊನೆಗೆ ಟೇಪು. ಎಳೆದು ಕೀಳದೆ ಮಡಚಿ ಹಿಂದಕ್ಕೆ ಸುಲಿಯುತ್ತ ಬನ್ನಿ. ಆಮೇಲೆ ದಿಂಬಿನ ಮೇಲೆ ಹಿಡಿದು ಎರಡು ಬೆಲ್ಟನ್ನೂ ಒಂದೊಂದಾಗಿ ಜಗ್ಗಿ, ಪಕ್ಕಕ್ಕೂ ತಿರುಚಿ ನೋಡಿ. ಬಿಟ್ಟುಕೊಳ್ಳುವುದಿದ್ದರೆ ದಿಂಬಿನ ಮೇಲೇ ಬಿಟ್ಟುಕೊಳ್ಳಲಿ.

ಹೋದ ತಿಂಗಳು ಸೋನಾಗೆ ಮತ್ತೆ ಬೆಲ್ಟು ಬದಲಿಸಿದೆ. ಈ ಸಲ ಕಂದು ಚರ್ಮ, 18 ಮಿಲಿಮೀಟರ್. ಏಳು ಗಂಟೆ ಪಕ್ಕದ ಗೀರು ಹಾಗೇ ಇದೆ, ಅದರ ಮೇಲೂ ಟೇಪು ಅಂಟಿಸಿಯೇ ಕೆಲಸ ಮಾಡಿದೆ. ಅಪ್ಪ ಎದುರಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಎರಡನೆಯ ಪಿನ್ನಿಗೆ ಕವಲು ಇಟ್ಟಾಗ ಪೇಪರ್ ಒಂಚೂರು ಕೆಳಗಿಳಿಯಿತು. ನನ್ನ ಕೈ ನೋಡಿದರು. ಕಿರುಬೆರಳು ಹರಿವಾಣದ ಮೇಲಿತ್ತು. ಪೇಪರ್ ಮೇಲೆ ಹೋಯಿತು.

2017ರಲ್ಲಿ ಹಾರಿದ ಪಿನ್ನು ಇನ್ನೂ ಸಿಕ್ಕಿಲ್ಲ.